‘ಬೇಡ’ ಅನ್ನಿ ಎಂದ ವರ್ನಾ

ವರ್ನಾ ಡಿರ್ಕ್ಸ್ ಕತ್ತರಿ ಕೈಗೆತ್ತಿಕೊಂಡರೆ ಹಾರ್ಲಿನ್ ಊರಿನ ಗಂಡಸರು ಬಾಯಿ ಮುಚ್ಚುತ್ತಿದ್ದರು. ಮುಚ್ಚದೆ ಏನು ಮಾಡಿಯಾರು? ಕೊರಳಿಗೆ ಬಟ್ಟೆ ಬಿಗಿದು, ಕೆನ್ನೆಗೆ ನೊರೆ ಮೆತ್ತಿ, ಕಿವಿಯ ಬುಡದಲ್ಲೇ ಕತ್ತಿ ಆಡಿಸುವ ಹೆಂಗಸಿಗೆ ಎದುರುತ್ತರ ಕೊಡುವ ಗುಂಡಿಗೆ ಯಾರಿಗಿದೆ? ಆ ಅನುಕೂಲವನ್ನು ವರ್ನಾ ಪೂರ್ತಿ ಬಳಸಿಕೊಂಡಳು. ಗೋಧಿಗೆ ಬೆಂಬಲ ಬೆಲೆ ಹೇಳಲು ಬರುವ ಅಧಿಕಾರಿ, ಉಪದೇಶದ ನಡುವೆ ತಾನೇ ಆಕಳಿಸುವ ಪಾದ್ರಿ, ಗೆಲ್ಲಲು ಬಾರದ ಫುಟ್‌ಬಾಲ್ ತಂಡದ ಕೋಚು, ನೀರಾವರಿ ಪೈಪು ಮಾರಲು ಹೋಗಿಬರುತ್ತೇನೆಂದು ಹೊರಟು ವಾಪಸು ಬರದ ಅವಳ ಗಂಡ, ಎಲ್ಲರನ್ನೂ ಆ ಕುರ್ಚಿಯ ಹಿಂದೆ ನಿಂತು ಸಿಪ್ಪೆ ಸುಲಿದಿದ್ದಳು.

ಅಂಗಡಿ ಅವಳ ಅಪ್ಪನದು. ಅಮೆರಿಕದ ನಡುಬಯಲಿನ ಆ ಗೋಧಿ ಸೀಮೆಯಲ್ಲಿ ಕ್ಷೌರದಂಗಡಿ ಗಂಡುಮಗನಿಗೆ ಹೋಗುವುದು ವಾಡಿಕೆ. ಆದರೆ ಮಗ ಮೆರ್ಲ್ ಮೊದಲನೇ ದಿನವೇ ಗಿರಾಕಿಯೊಬ್ಬನ ಕಿವಿ ಕುಯ್ದು, ರಕ್ತ ನೋಡಿ ತಾನೇ ನೆಲಕ್ಕೆ ಬಿದ್ದ. ಅಪ್ಪ ನಿಟ್ಟುಸಿರು ಬಿಟ್ಟು ಕತ್ತರಿಯನ್ನು ಮಗಳ ಕೈಗಿಟ್ಟ. ಮೆರ್ಲ್ ದೊಡ್ಡವನಾಗಿ ಹೆದ್ದಾರಿ ಪಕ್ಕ ಟೈರಂಗಡಿ ಹಾಕಿಕೊಂಡ. ಅಮ್ಮ ಇಲ್ಲದ ಮನೆಯಲ್ಲಿ ಅವನ ಮೂಗು ಒರೆಸಿ, ಬಟ್ಟೆ ಒಗೆದು, ಓದಿಸಿದವಳು ವರ್ನಾ. ಊರಿಗೆಲ್ಲ ಚಾಟಿಯಾಗಿದ್ದ ಅವಳ ನಾಲಿಗೆ ತಮ್ಮನ ಎದುರು ಮಾತ್ರ ಮೆತ್ತಗಾಗುತ್ತಿತ್ತು. ಅವನ ಹೆಂಡತಿ ಜೋಲೀನ್‌ಗೆ ಆ ರಿಯಾಯಿತಿ ಇರಲಿಲ್ಲ.

ಒಂದು ಮಧ್ಯಾಹ್ನ ಮೆರ್ಲ್‌ನನ್ನು ಅವನ ಅಂಗಡಿಯಲ್ಲೇ ಗುಂಡಿಟ್ಟು ಕೊಂದರು. ಕೊಂದವನು ಡ್ವೇನ್ ಪ್ರೂಯಿಟ್, ಅಲ್ಲೇ ಕೆಲಸಕ್ಕಿದ್ದವನು. ಕುಡಿದು ಬರುತ್ತಾನೆಂದು ಮೆರ್ಲ್ ಅವನನ್ನು ಬಿಡಿಸಿದ್ದ. ಹೊರಗೆ ಕಾರಿನಲ್ಲಿ ಟೈರಿಗಾಗಿ ಕಾಯುತ್ತಿದ್ದ ಹೆಂಗಸು ಅವನು ಓಡುವುದನ್ನು ನೋಡಿದಳು. ಬಂದೂಕು ಹಳ್ಳದಲ್ಲಿ ಸಿಕ್ಕಿತು. ಇಷ್ಟು ಸಾಲದೆಂದು ಶೆರೀಫನ ಕಡೆಯ ಪೊಲೀಸರು ಅವನಿಂದ ತಪ್ಪೊಪ್ಪಿಗೆಯನ್ನೂ ತೆಗೆಸಿದರು. ವಕೀಲ ಬೇಕು, ವಕೀಲ ಬೇಕು ಎಂದು ಅವನು ಹೇಳುತ್ತಿದ್ದರೆ ಇವರು ಕೇಳಿಸದವರಂತೆ ಕಾಫಿ ಕೊಟ್ಟು, ಸಿಗರೇಟು ಹಚ್ಚಿಕೊಟ್ಟು, ಹೆಗಲ ಮೇಲೆ ಕೈಹಾಕಿ ಮಾತಾಡಿಸಿದರು. ಜ್ಯೂರಿಯವರು ಅದನ್ನೆಲ್ಲ ಕೇಳಿ ಜೀವಾವಧಿ ಹಾಕಿಸಿದರು. ವರ್ನಾ ಅಂದು ಕೋರ್ಟಿನ ಮೆಟ್ಟಿಲಿಳಿದು, ಕಾರಿನಲ್ಲಿ ಕೂತು ಒಬ್ಬಳೇ ಅತ್ತು, ಕನ್ನಡಿ ನೋಡಿ ಮುಖ ಒರೆಸಿಕೊಂಡು ಅಂಗಡಿ ತೆರೆದಳು.

ಎರಡು ವರ್ಷ ಕಳೆದ ಮೇಲೆ ರಾಜ್ಯದ ಸುಪ್ರೀಂ ಕೋರ್ಟು ಆ ತೀರ್ಪನ್ನು ಎತ್ತಿ ಬಿಸಾಡಿತು. ವಕೀಲ ಬೇಕೆಂದವನಿಗೆ ವಕೀಲನನ್ನು ಕೊಡದೆ ತೆಗೆಸಿದ ತಪ್ಪೊಪ್ಪಿಗೆಯನ್ನು ಜ್ಯೂರಿಗೆ ಕೇಳಿಸಬಾರದಿತ್ತು, ವಿಚಾರಣೆ ಮೊದಲಿಂದ ಆಗಲಿ ಎಂದಿತು. ಏಳು ಜಡ್ಜುಗಳಲ್ಲಿ ಐವರು ಹಾಗೆಂದರು, ಇಬ್ಬರು ಒಪ್ಪಲಿಲ್ಲ. ವರ್ನಾಳಿಗೆ ಕೇಳಿಸಿದ್ದು ಐವರ ಮಾತು ಮಾತ್ರ.

“ಕೂತ್ಕೊಳೋಕೆ ಮೆತ್ತನೆ ಕುರ್ಚಿ, ಹಾಕ್ಕೊಳೋಕೆ ಕರೀ ನಿಲುವಂಗಿ,” ಎಂದಳು ಫ್ಲಾಯ್ಡ್‌ನ ತಲೆ ಬಗ್ಗಿಸುತ್ತಾ. “ಟೈರಂಗಡಿ ನೆಲದ ರಕ್ತ ತೊಳೆದೋಳು ನಾನು. ಇವರಿಗೇನ್ ಗೊತ್ತು.”

ಫ್ಲಾಯ್ಡ್ ಉನ್ರೂ ಹೊಲ ಗದ್ದೆಯನ್ನು ಗುತ್ತಿಗೆಗೆ ಕೊಟ್ಟು ಆರಾಮಾಗಿದ್ದ ರೈತ. ಕೂದಲು ಉದುರಿ ಬಹಳ ಕಾಲವಾಗಿದ್ದರೂ ಹದಿನೈದು ದಿನಕ್ಕೊಮ್ಮೆ ಕಟಿಂಗಿಗೆ ಬರುತ್ತಿದ್ದ. “ಈ ಸಲ ಆ ಕೋರ್ಟಿನ ಮೂವರು ಜಡ್ಜುಗಳ ಹೆಸರು ವೋಟಿಗೆ ಬರತ್ತಂತಲ್ಲ,” ಎಂದ.

ಬರುವುದು ಹೌದು. ಗವರ್ನರ್ ಕೂರಿಸಿದ ಜಡ್ಜಿನ ಹೆಸರು ಕೂತ ಮೇಲಿನ ಮೊದಲ ಚುನಾವಣೆಯಲ್ಲಿ, ಆಮೇಲೆ ಆರು ವರ್ಷಕ್ಕೊಮ್ಮೆ ಮತಚೀಟಿಯ ಹಿಂಬದಿಗೆ ಬರುತ್ತದೆ. ಅವನಿಗೆ ಎದುರಾಳಿ ಇಲ್ಲ, ಪಕ್ಷವಿಲ್ಲ, ಭಾಷಣವಿಲ್ಲ. ಜನ ಅವನ ಹೆಸರಿನ ಮುಂದೆ ‘ಇರಲಿ’ ಅಥವಾ ‘ಬೇಡ’ ಎಂದು ಗುರುತು ಹಾಕಬೇಕು. ‘ಬೇಡ’ ಹೆಚ್ಚಾದರೆ ಅವನು ಮನೆಗೆ, ಆ ಜಾಗಕ್ಕೆ ಗವರ್ನರ್ ತನಗೆ ಬೇಕಾದ ಇನ್ನೊಬ್ಬನನ್ನು ಕೂರಿಸುತ್ತಾನೆ. ವರ್ನಾ ಒಂದು ಚುನಾವಣೆಯನ್ನೂ ತಪ್ಪಿಸಿದವಳಲ್ಲ. ಆದರೆ ಚೀಟಿಯ ಹಿಂಬದಿಯನ್ನು ಎಂದೂ ಮುಟ್ಟಿದವಳಲ್ಲ. “ಮುಖ ನೋಡಿರದ ಗಂಡಸಿನ ಬಗ್ಗೆ ಇರಲಿ ಅನ್ನೋಕೆ ನಾನೇನು ಮದುವೆ ದಲ್ಲಾಳಿನಾ?” ಎಂದು ನಗಿಸುತ್ತಿದ್ದಳು. ಊರಿನ ಅರ್ಧಕ್ಕರ್ಧ ಜನ ಹಾಗೆಯೇ. ನಕ್ಕವರೂ ಅವರೇ.

ಆಗಸ್ಟ್ ತಿಂಗಳಲ್ಲಿ ರಾಜಧಾನಿಯಿಂದ ಪೇಟನ್ ಲ್ಯಾಂಗ್ಲಿ ಎಂಬ ಹುಡುಗಿ ಬಂದಳು. ‘ನ್ಯಾಯಕ್ಕಾಗಿ ನೆರೆಹೊರೆ’ ಎಂಬ ಸಮಿತಿಯವಳು. ಹೊಲದ ಬೂಟು ಹಾಕಿದ್ದಳು, ಆದರೆ ಆ ಬೂಟಿಗೆ ಹೊಲದ ಪರಿಚಯವಿರಲಿಲ್ಲ. ವರ್ನಾಳ ಎರಡೂ ಕೈ ಹಿಡಿದುಕೊಂಡು, ಕಣ್ಣಲ್ಲಿ ಕಣ್ಣಿಟ್ಟು, “ವರ್ನಾ ಮೇಡಂ, ನಿಮ್ ಕಥೆ ಕೇಳಿ ನಂಗೆ ನಿದ್ದೇನೇ ಬರ್ಲಿಲ್ಲ,” ಎಂದಳು.

“ನಂಗೂ ಬರಲ್ಲ. ನನಗಾದ್ರೆ ವಯಸ್ಸಾಗಿದೆ,” ಎಂದಳು ವರ್ನಾ.

ಆದರೂ ಆ ಜಡ್ಜುಗಳ ವಿರುದ್ಧ ಟಿವಿ ಜಾಹೀರಾತು ಮಾಡಲು ಒಪ್ಪಿದಳು. ಸಮಾಧಾನ ಹೇಳಿದವರು ಇದ್ದರು, ಪ್ರಾರ್ಥನೆ ಮಾಡಿದವರು ಇದ್ದರು, ತಟ್ಟೆ ತುಂಬ ಅಡುಗೆ ತಂದುಕೊಟ್ಟವರು ಇದ್ದರು. ಏನಾದರೂ ಮಾಡೋಣ ಎಂದವರು ಇವರೇ ಮೊದಲು. ಮೆರ್ಲ್‌ನ ಟೈರಂಗಡಿಯಲ್ಲಿ ದೀಪ ಕಟ್ಟಿ, ಅವಳಿಗೆ ಪೌಡರ್ ಹಚ್ಚಿ, ಟೈರುಗಳ ನಡುವೆ ಕೂರಿಸಿದರು. ಅಳಿ ಎಂದರು. ಅಳು ಬರಲಿಲ್ಲ. ಹಾಗಾದರೆ ಕಿಟಕಿಯಾಚೆ ನೋಡಿ ಎಂದರು. ಕಿಟಕಿಯಾಚೆ ಕಾಣುತ್ತಿದ್ದದ್ದು ಕೋಳಿ ಕರಿದು ಮಾರುವ ಅಂಗಡಿಯ ಬೋರ್ಡು. ಅದನ್ನೇ ನೋಡಿದಳು. ಕೊನೆಗೆ ಬರೆದುಕೊಟ್ಟ ಮಾತು ಹೇಳಿದಳು: “ಅವರು ಡ್ವೇನ್ ಪ್ರೂಯಿಟ್ ಮಾತು ಕೇಳಿದ್ರು. ನನ್ ತಮ್ಮನ ಮಾತು ಕೇಳೋರಿಲ್ಲ. ನವೆಂಬರಲ್ಲಿ ಮೂವರಿಗೂ ಬೇಡ ಅನ್ನಿ.” ಅವಳ ಮಾತು ಮುಗಿಯುತ್ತಿದ್ದಂತೆ ಮೂರು ಮುಖಗಳು ತೆರೆಯ ಮೇಲೆ ಬಂದು, ಒಂದೊಂದರ ಮೇಲೂ ಕೆಂಪು ಗೆರೆ ಬೀಳುತ್ತಿತ್ತು.

ಚಿತ್ರೀಕರಣಕ್ಕೆ ಮೊದಲು ಜೋಲೀನ್‌ಳನ್ನೂ ಕೇಳಿದ್ದರು. ಅವಳು ಬಾಗಿಲ ಜಾಲರಿ ತೆರೆಯದೆಯೇ ಆಗಲ್ಲ ಎಂದಿದ್ದಳು. ಜಾಹೀರಾತು ಬಂದ ಮರುದಿನ ಅಂಗಡಿಗೇ ಬಂದು ನಿಂತಳು.

“ಅತ್ತಿಗೆ, ಅವನು ಬದುಕಿದ್ದಾಗ ಒಂದು ಫೋಟೋ ತೆಗೆಸ್ಕೊಳ್ಳೋಕೆ ನಾಚ್ಕೋತಿದ್ದ. ಈಗ ಹಲ್ಲುಪುಡಿ ಜಾಹೀರಾತಿಗೂ ನಾಯಿ ಬಿಸ್ಕತ್ತಿಗೂ ಮಧ್ಯ ಬರ್ತಿದಾನೆ.”

“ನೀನ್ ಸುಮ್ನೆ ಕೂತಿದೀಯ ಅಂತ ನಾನೂ ಕೂರ್ಬೇಕಾ?”

“ಸುಮ್ನೆ ಕೂತಿಲ್ಲ. ಮಕ್ಕಳನ್ನ ಸಾಕ್ತಿದೀನಿ,” ಎಂದು ಜೋಲೀನ್ ಹೊರಟುಹೋದಳು.

ವರ್ನಾ ಮೂಗು ಮುರಿದಳು. ಅಷ್ಟು ಹೊತ್ತಿಗೆ ಅವಳಿಗೆ ಹೊಸದೊಂದು ರುಚಿ ಹತ್ತಿತ್ತು. ಪಕ್ಕದೂರಿನ ದೊಡ್ಡ ಅಂಗಡಿಯಲ್ಲಿ ಹಾಲಿನ ಡಬ್ಬ ಎತ್ತುತ್ತಿದ್ದರೆ ಅಪರಿಚಿತ ಹೆಂಗಸರು ಬಂದು ತಬ್ಬಿಕೊಳ್ಳುತ್ತಿದ್ದರು. ಪೆಟ್ರೋಲು ಹಾಕುವವನು “ಬೇಡ ಅಂತೀವಿ ಬಿಡಿ” ಎಂದು ಹೆಬ್ಬೆರಳು ತೋರಿಸುತ್ತಿದ್ದ. ತಬ್ಬಿಕೊಂಡವರನ್ನು ಮನೆಗೆ ಬಂದು ಆಡಿಕೊಂಡರೂ, ಸಾಮಾನು ತರಲು ಪಕ್ಕದೂರಿಗೆ ಹೋಗುವುದು ಜಾಸ್ತಿಯಾಯಿತು. ಹೋಗುವಾಗ ತುಟಿಗೆ ಬಣ್ಣವನ್ನೂ ಹಚ್ಚತೊಡಗಿದಳು.

ಆ ಮೂವರಲ್ಲಿ ಒಬ್ಬ ಲೋವೆಲ್ ಸ್ಟಾಲ್ಕಪ್. ಅವನ ಹೆಂಡತಿಯ ತವರು ಹಾರ್ಲಿನ್ ಪಕ್ಕದ ಹಳ್ಳಿ. ಅಗ್ನಿಶಾಮಕ ದಳದವರು ವರ್ಷಕ್ಕೊಮ್ಮೆ ತಮ್ಮ ಶೆಡ್ಡಿನಲ್ಲಿ ಪ್ಯಾನ್‌ಕೇಕ್ ಊಟ ಹಾಕುತ್ತಾರೆ. ಸ್ಟಾಲ್ಕಪ್ ಪ್ರತಿ ವರ್ಷ ಬರುತ್ತಿದ್ದ, ಆ ವರ್ಷವೂ ಬಂದ. ಬಿಳಿಗೂದಲ, ಉದ್ದ ಮೂಗಿನ, ಬೆನ್ನು ಸ್ವಲ್ಪ ಬಾಗಿದ ಮನುಷ್ಯ. ಅವನು ಕೂತ ಮೇಜಿನ ಸುತ್ತ ಎರಡೆರಡು ಕುರ್ಚಿ ಖಾಲಿ. ವರ್ನಾ ತನ್ನ ತಟ್ಟೆ ಹಿಡಿದುಕೊಂಡು ಹೋಗಿ ಎದುರಿಗೇ ಕೂತಳು. ಶೆಡ್ಡಿನಲ್ಲಿ ಫೋರ್ಕುಗಳ ಸದ್ದು ನಿಂತಿತು.

“ಜಡ್ಜ್ ಸಾಹೇಬ್ರಿಗೆ ನನ್ ಗುರುತು ಸಿಕ್ತೋ?”

“ಟಿವಿಯಲ್ಲಿ ನೋಡಿದೀನಿ,” ಎಂದ ಸ್ಟಾಲ್ಕಪ್. ಫೋರ್ಕು ಕೆಳಗಿಟ್ಟ. “ನಿಮ್ಮ ತಮ್ಮ ತೀರಿಕೊಂಡದ್ದು ನಂಗೆ ತುಂಬಾ ಬೇಜಾರು, ಅಮ್ಮಾ.”

“ಬೇಜಾರಿರೋ ಲಕ್ಷಣ ನೋಡಿದ್ವಲ್ಲ. ಯಾಕ್ ಹಾಗ್ ಮಾಡಿದ್ರಿ, ಹೇಳಿ. ಇಡೀ ಊರು ಕೇಳ್ತಿದೆ.”

“ಆ ಕೇಸು ಮತ್ತೆ ವಿಚಾರಣೆಗೆ ಬರ್ತಿದೆ. ಅದರ ಬಗ್ಗೆ ನಾನು ಬಾಯಿ ಬಿಡೋ ಹಾಗಿಲ್ಲ.”

“ಒಂದ್ ಮಾತೂ?”

“ಒಂದ್ ಮಾತೂ.”

“ವೋಟ್ ಕೇಳ್ಬೇಕಾದ್ರೆ ಬಾಯಿ ಬರತ್ತೇನೋ.”

“ವೋಟ್ ಕೇಳೋಕೆ ಬಂದಿಲ್ಲ. ತಿಂಡಿಗೆ ಬಂದೆ.”

“ಹಂಗಾದ್ರೆ ತಿನ್ನಿ. ಆರಿದ್ರೆ ಚಪ್ಪಲಿ ಥರ ಆಗತ್ತೆ,” ಎಂದು ವರ್ನಾ ಎದ್ದಳು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಫ್ಲಾಯ್ಡ್ ಅವಳ ಬೆನ್ನು ತಟ್ಟಿದ. ಸ್ಟಾಲ್ಕಪ್ ತಟ್ಟೆಯಲ್ಲಿದ್ದದ್ದನ್ನು ಒಂದು ಚೂರೂ ಬಿಡದೆ ತಿಂದು, ತಟ್ಟೆ ಕೊಂಡುಹೋಗಿ ಇಡಬೇಕಾದ ಜಾಗದಲ್ಲಿ ಇಟ್ಟು, ಬಡಿಸಿದವರಿಗೆ ವಂದಿಸಿ ಹೋದ. ಊರವರು ಅದನ್ನೂ ಅಹಂಕಾರ ಎಂದೇ ಲೆಕ್ಕ ಹಾಕಿದರು.

ಆ ವಾರ ಕೌಂಟಿಯ ಸರ್ಕಾರಿ ವಕೀಲೆ ಗ್ರೆಟಾ ಯೋಸ್ಟ್ ವರ್ನಾಳನ್ನು ಕಚೇರಿಗೆ ಕರೆಸಿದ್ದಳು. ಹೊಸ ವಿಚಾರಣೆಯಲ್ಲಿ ಏನೇನು ನಡೆಯುತ್ತದೆಂದು ಹೇಳುವುದಕ್ಕೆ. ವರ್ನಾ ಕೂತವಳೇ ಪ್ಯಾನ್‌ಕೇಕಿನ ಕಥೆಯನ್ನು ಕೈ ಬಾಯಿ ತಿರುಗಿಸಿ ಹೇಳಿದಳು. ಗ್ರೆಟಾ ನಗಲಿಲ್ಲ.

“ಯಾರಿಗೆ ಹೇಳಿದ್ರಿ? ಸ್ಟಾಲ್ಕಪ್‌ಗಾ?”

“ಅವನಿಗೇ. ಮುಖ ಇಷ್ಟಾಯ್ತು.”

“ವರ್ನಾ, ಅವರು ನಮ್ ಕಡೆ ಬರೆದ ಇಬ್ಬರಲ್ಲಿ ಒಬ್ರು.”

ವರ್ನಾಳಿಗೆ ಮೊದಲು ಅರ್ಥವಾಗಲಿಲ್ಲ. ಗ್ರೆಟಾ ಬಿಡಿಸಿ ಹೇಳಿದಳು. ತಪ್ಪೊಪ್ಪಿಗೆ ತೆಗೆಸಿದ ರೀತಿ ಸರಿಯಲ್ಲ, ಆದರೆ ನೋಡಿದ ಸಾಕ್ಷಿ ಇದೆ, ಬಂದೂಕು ಇದೆ, ಅದಿಲ್ಲದೆಯೂ ಜ್ಯೂರಿ ಇದೇ ತೀರ್ಮಾನಕ್ಕೆ ಬರುತ್ತಿತ್ತು, ಆದ್ದರಿಂದ ಶಿಕ್ಷೆ ಹಾಗೇ ಇರಲಿ ಎಂದು ಬರೆದವನು ಸ್ಟಾಲ್ಕಪ್. ಇನ್ನೊಬ್ಬ ಅದಕ್ಕೆ ಸಹಿ ಹಾಕಿದವನು, ಅವನ ಹೆಸರು ಈ ಸಲ ಚೀಟಿಯಲ್ಲಿಲ್ಲ. ಚೀಟಿಯಲ್ಲಿರುವ ಮೂವರಲ್ಲಿ ಶಿಕ್ಷೆ ರದ್ದಾಗಲಿ ಎಂದವನು ಕೆಸ್ಲರ್ ಎಂಬವನೊಬ್ಬನೇ. ಮೂರನೆಯವಳು ಕೋರ್ಟಿಗೆ ಬಂದದ್ದೇ ಆ ತೀರ್ಪಾದ ಮೇಲೆ.

“ಮತ್ತೆ ಐವರ ಪರವಾಗಿ ರದ್ದು ಮಾಡಿ ಅಂತ ಬರೆದೋನು ಯಾರು?”

“ಅವನ ಸರದಿ ಎರಡು ವರ್ಷದ ಹಿಂದೆ, ಈ ತೀರ್ಪಿಗೆ ಮೊದಲೇ ಬಂದಿತ್ತು. ಆರಾಮಾಗಿ ಗೆದ್ದ. ನೀವು ಏನ್ ಹಾಕಿದ್ರಿ ಆವಾಗ?”

ಆ ವರ್ಷವೂ ವರ್ನಾ ಚೀಟಿಯ ಹಿಂಬದಿ ತಿರುಗಿಸದೆ ಪೆಟ್ಟಿಗೆಗೆ ಹಾಕಿದ್ದಳು. ಆ ವರ್ಷವೂ ಮದುವೆ ದಲ್ಲಾಳಿಯ ಮಾತಾಡಿ ಸಾಲಿನಲ್ಲಿದ್ದವರನ್ನು ನಗಿಸಿದ್ದಳು.

“ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?”

“ಸರ್ಕಾರಿ ವಕೀಲೆ ನಾನು. ಜಡ್ಜುಗಳ ಚುನಾವಣೆ ಬಗ್ಗೆ ಮಾತಾಡಿದ್ರೆ ನಾಳೆ ಅವರ ಮುಂದೇನೇ ನಿಲ್ಲಬೇಕು. ಅಲ್ದೆ,” ಗ್ರೆಟಾ ಪೆನ್ನನ್ನು ತಿರುಗಿಸಿದಳು, “ನಿಮಗೆ ಗೊತ್ತಿದ್ದೇ ಮಾಡ್ತಿದೀರಿ ಅಂದ್ಕೊಂಡೆ.”

“ಜಡ್ಜಿಗೆ ಬಾಯಿಲ್ಲ, ವಕೀಲರಿಗೆ ಬಾಯಿಲ್ಲ. ಊರಲ್ಲಿ ಬಾಯಿ ಇರೋಳು ನಾನೊಬ್ಳೇ,” ಎಂದು ವರ್ನಾ ಎದ್ದಳು. ಮಾತು ಗ್ರೆಟಾಗೆ ತಾಗಲಿ ಎಂದು ಹೇಳಿದ್ದು. ಮೆಟ್ಟಿಲಿಳಿಯುವಾಗ ತನಗೇ ತಾಗಿತು.

ಮನೆಗೆ ಬಂದು ಪೇಟನ್‌ಗೆ ಫೋನು ಮಾಡಿದಳು. “ಆ ಸ್ಟಾಲ್ಕಪ್ ನನ್ ತಮ್ಮನ ಕಡೆ ಇದ್ದೋನಂತೆ. ಅವನ ಮುಖ ತೆಗೀರಿ.”

ಪೇಟನ್ ಜೇನಿನಂಥ ದನಿಯಲ್ಲಿ, “ಅದು ನಮಗೆ ಗೊತ್ತು, ವರ್ನಾ ಮೇಡಂ,” ಎಂದಳು.

“ಗೊತ್ತು?”

“ನೋಡಿ, ಜನಕ್ಕೆ ಮೂರು ಹೆಸರಲ್ಲಿ ಇದು ಹೌದು, ಅದು ಅಲ್ಲ ಅಂತ ಹೇಳಿದ್ರೆ ಗೊಂದಲ ಆಗತ್ತೆ. ಬೇಡ ಅನ್ನೋದೊಂದೇ ಆದ್ರೆ ನೆನಪಿರತ್ತೆ. ಶಾಲೆಗಳಿಗೆ ಸರ್ಕಾರ ಇನ್ನೂ ಹೆಚ್ಚು ದುಡ್ಡು ಕೊಡ್ಬೇಕು ಅಂತ ಈ ಕೋರ್ಟು ಆರ್ಡರ್ ಮಾಡ್ತಲ್ಲ, ಅದ್ರಲ್ಲಿ ಮೂವರೂ ಇದ್ರು. ಗವರ್ನರ್‌ಗೆ ಆ ಮೂರೂ ಕುರ್ಚಿ ಬೇಕು.”

“ಹಂಗಾದ್ರೆ ಶಾಲೆ ದುಡ್ಡಿನ ಜಾಹೀರಾತು ಮಾಡಿ. ನನ್ ತಮ್ಮ ಯಾಕೆ?”

“ಶಾಲೆ ದುಡ್ಡಿನ ಕೇಸು ಯಾರಿಗೆ ಅರ್ಥ ಆಗತ್ತೆ ಮೇಡಂ? ನಿಮ್ ತಮ್ಮ ಎಲ್ಲರಿಗೂ ಅರ್ಥ ಆಗ್ತಾರೆ.” ಆ ಹುಡುಗಿ ಇದನ್ನು ಹೊಗಳಿಕೆ ಎಂದೇ ಹೇಳಿದಳು. ಒಪ್ಪಿಗೆಗೆ ಸಹಿಯಾಗಿದೆ, ಜಾಹೀರಾತು ನಿಲ್ಲಿಸುವುದು ಆಗುವ ಮಾತಲ್ಲ ಎಂದೂ ಸೇರಿಸಿದಳು.

ವರ್ನಾ ಸುಮ್ಮನೆ ಕೂರುವವಳಲ್ಲ. ಮರುದಿನದಿಂದ ಕುರ್ಚಿಗೆ ಕೂತವರಿಗೆಲ್ಲ ಹೇಳತೊಡಗಿದಳು: ಸ್ಟಾಲ್ಕಪ್‌ಗೆ ಇರಲಿ ಅನ್ನಿ, ಕೆಸ್ಲರ್‌ಗೆ ಬೇಡ ಅನ್ನಿ. ಅವಳ ಮಾತಿಗೆ ಎದುರಾಡದ ಗಂಡಸರು ಈಗಲೂ ಎದುರಾಡಲಿಲ್ಲ. ಹೂಂಗುಟ್ಟಿದರು. ಅವರ ಹೂಂ ಎಂಬುದು ಯಾವ ಕಸುವಿನದು ಎಂದು ವರ್ನಾಳಿಗೆ ಆಗಲೇ ಮೊದಲ ಸಲ ಅನುಮಾನ ಬಂತು. ಫ್ಲಾಯ್ಡ್ ಮಾತ್ರ ಬಾಯಿ ಬಿಟ್ಟ.

“ಟಿವಿಯಲ್ಲಿ ಮೂವರಿಗೂ ಬೇಡ ಅಂತೀಯ. ಇಲ್ಲಿ ಒಬ್ಬನಿಗೆ ಇರಲಿ ಅಂತೀಯ. ಯಾವ ವರ್ನಾನ ನಂಬ್ಲಿ?”

“ಎದುರಿಗೆ ನಿಂತಿರೋಳನ್ನ ನಂಬು ಮಾರಾಯ.”

“ಟಿವಿಯೋಳು ಸ್ವಲ್ಪ ಚೆನ್ನಾಗೂ ಮಾತಾಡ್ತಾಳೆ,” ಎಂದ ಫ್ಲಾಯ್ಡ್. ಕೆನ್ನೆಯ ಮೇಲೆ ಕತ್ತಿ ಇದ್ದಾಗ ಅಷ್ಟು ಹೇಳಿದ್ದು ಅವನ ಜೀವಮಾನದ ಸಾಹಸ.

ಹಾರ್ಲಿನ್‌ನ ರೇಡಿಯೋದಲ್ಲಿ ಬೆಳಗ್ಗೆ ‘ಕೊಡುಕೊಳ್ಳು’ ಎಂಬ ಕಾರ್ಯಕ್ರಮ. ಬಟ್ಟೆ ಒಗೆಯುವ ಹಳೇ ಯಂತ್ರ, ಕರು, ಉಳಿದುಹೋದ ಬೇಲಿ ತಂತಿ, ಯಾರಿಗೆ ಏನು ಮಾರಬೇಕೋ ಫೋನು ಮಾಡಿ ಹೇಳಬಹುದು. ಸೀಮೆಯ ಜನವೆಲ್ಲ ಟ್ರ್ಯಾಕ್ಟರಿನಲ್ಲಿ ಕೂತು ಅದನ್ನು ಕೇಳುತ್ತಾರೆ. ಕೆಂಪು ಜೋಳದ ಕಟಾವು ನಡೆಯುತ್ತಿದ್ದ ಕಾಲ, ಕೇಳುವವರು ಇನ್ನೂ ಹೆಚ್ಚು. ವರ್ನಾ ಫೋನು ಮಾಡಿದಳು.

“ನಮಸ್ಕಾರ ವರ್ನಾ. ಏನ್ ಮಾರೋದಿದೆ?” ಎಂದ ನಿರೂಪಕ.

“ಏನೂ ಇಲ್ಲ. ಆ ಜಾಹೀರಾತು ಬರತ್ತಲ್ಲ, ಅದರಲ್ಲಿ ನಾನು ಹೇಳಿದ್ದು...”

“ರಾಜಕೀಯ ಆಗಲ್ಲ ವರ್ನಾ. ಕೊಡೋದಿದ್ರೆ ಹೇಳು, ಕೊಳ್ಳೋದಿದ್ರೆ ಹೇಳು.”

ವರ್ನಾ ಒಂದು ಗಳಿಗೆ ಯೋಚಿಸಿದಳು. “ಒಬ್ಬ ಜಡ್ಜ್ ಇದಾನೆ. ಹೆಸರು ಸ್ಟಾಲ್ಕಪ್. ಉಪಯೋಗಿಸಿದ್ದು, ಕೆಟ್ಟಿಲ್ಲ. ಇಟ್ಕೊಳ್ಳೋರು ಬೇಕಾಗಿದಾರೆ.”

ನಿರೂಪಕ ನಗುತ್ತಲೇ ಗುಂಡಿ ಒತ್ತಿ ಅವಳ ಫೋನು ಕತ್ತರಿಸಿದ. ಮುಂದಿನವನು ಮೊಟ್ಟೆಯಿಡುವ ಕೋಳಿ ಇದ್ದರೆ ಹೇಳಿ ಎಂದ. ಸೀಮೆಯೆಲ್ಲ ಒಂದು ವಾರ ಆ ಮಾತು ಹೇಳಿಕೊಂಡು ನಕ್ಕಿತು. ಜಡ್ಜಿನ ಹೆಸರು ಏನೆಂದಳು ಎಂದು ಕೇಳಿದರೆ ಯಾರಿಗೂ ನೆನಪಿಲ್ಲ.

ನವೆಂಬರಿನ ಆ ಮಂಗಳವಾರ ಚರ್ಚಿನ ನೆಲಮಾಳಿಗೆಯಲ್ಲಿ ಮತದಾನ. ವರ್ನಾ ಜೀವನದಲ್ಲಿ ಮೊದಲ ಸಲ ಚೀಟಿ ತಿರುಗಿಸಿದಳು. ಸ್ಟಾಲ್ಕಪ್‌ಗೆ ಇರಲಿ ಎಂದು, ಹೆಸರಿನ ಮುಂದಿನ ಪುಟ್ಟ ವೃತ್ತ ಪೂರ್ತಿ ತುಂಬುವ ಹಾಗೆ ಪೆನ್ನು ಒತ್ತಿದಳು. ಕೆಸ್ಲರ್‌ಗೆ ಬೇಡ. ಮೂರನೆಯವಳ ಹೆಸರಿನ ಎದುರು ಪೆನ್ನು ಹಿಡಿದು ನಿಂತಳು. ಆ ಹೆಂಗಸು ಒಳ್ಳೆಯವಳೋ ಕೆಟ್ಟವಳೋ, ಏನು ಬರೆದಿದ್ದಾಳೋ, ಒಂದೂ ಗೊತ್ತಿಲ್ಲ. ಇಡೀ ರಾಜ್ಯಕ್ಕೆ ಅವಳನ್ನು ಬೇಡ ಅನ್ನಿ ಎಂದು ಹೇಳಿದವಳು ತಾನು. ಹಿಂದೆ ಸಾಲು ಬೆಳೆದು ಯಾರೋ ಕೆಮ್ಮಿದರು. ಆ ವೃತ್ತವನ್ನು ಖಾಲಿ ಬಿಟ್ಟು ಬಂದಳು.

ಮರುದಿನ ಬೆಳಗ್ಗೆ ಫಲಿತಾಂಶ ಬಂತು. ಸ್ಟಾಲ್ಕಪ್ ಸೋತಿದ್ದ. ಮೂರನೆಯ ಹೆಂಗಸೂ ಸೋತಿದ್ದಳು. ಮೂವರಲ್ಲಿ ಉಳಿದವನು ಕೆಸ್ಲರ್, ಡ್ವೇನ್ ಪ್ರೂಯಿಟ್‌ನ ಶಿಕ್ಷೆ ರದ್ದು ಮಾಡಿದ ಐವರಲ್ಲಿ ಒಬ್ಬ. ಅವನು ಉಳಿದದ್ದಕ್ಕೆ ದೊಡ್ಡ ಪಂಡಿತರು ರಾಜಧಾನಿಯ ಪತ್ರಿಕೆಗಳಲ್ಲಿ ಏನೇನೋ ಕಾರಣ ಬರೆದರು. ಹಾರ್ಲಿನ್‌ನಲ್ಲಿ ಕಾರಣ ಎಲ್ಲರಿಗೂ ಗೊತ್ತಿತ್ತು. ಸಂಜೆ ಟಿವಿಯಲ್ಲಿ ಮಳೆ ಗಾಳಿ ಹೇಳುವವನ ಹೆಸರೂ ಕೆಸ್ಲರ್. ಆಲಿಕಲ್ಲು ಬರುವುದನ್ನು ಮೊದಲೇ ಹೇಳಿ ಅರ್ಧ ಸೀಮೆಯ ಗೋಧಿ ಉಳಿಸಿದವನು. ಅವನ ಕಡೆಯವನೇ ಇರಬೇಕು ಎಂದು ಜನ ಇರಲಿ ಅಂದರು.

“ನಿನಗೋಸ್ಕರ ಹಾಕ್ದೆ ಕಣೆ,” ಎಂದು ಫ್ಲಾಯ್ಡ್ ಅಂಗಡಿಗೆ ಬಂದು ಅವಳ ಕೈ ಕುಲುಕಿದ. “ಇಬ್ಬರಿಗೆ ಬೇಡ ಅಂದೆ.”

“ಯಾವ ಇಬ್ಬರಿಗೆ?”

“ಕೆಸ್ಲರ್ ಬಿಟ್ಟು ಉಳಿದೋರಿಗೆ.”

ವರ್ನಾ ಬಾಗಿಲಿಗೆ ‘ಮುಚ್ಚಿದೆ’ ಎಂಬ ಹಲಗೆ ತಿರುಗಿಸಿದಳು. ಅಪ್ಪನ ಕಾಲದಿಂದ ಸಂಜೆಗೆ ಮೊದಲು ಆ ಅಂಗಡಿ ಮುಚ್ಚಿದ್ದು ಮೆರ್ಲ್ ಸತ್ತ ದಿನ ಮತ್ತು ಅವತ್ತು.

ಸಮಿತಿಯವರು ಹಣ್ಣಿನ ಬುಟ್ಟಿ ಕಳಿಸಿದರು. ಹಣ್ಣಿನ ಮೇಲೆ ಹೊಳೆಯುವ ಕಾಗದ, ಕಾಗದದ ಮೇಲೆ ಪೇಟನ್‌ಳ ದುಂಡು ಅಕ್ಷರದ ಧನ್ಯವಾದ. ವರ್ನಾ ಅದನ್ನು ಬಿಚ್ಚದೆ ಹಿತ್ತಿಲಿಗೆ ಎಸೆದಳು. ಕಾಗೆಗಳು ಬಿಚ್ಚಿದವು. ಸ್ಟಾಲ್ಕಪ್‌ನ ಕುರ್ಚಿಗೆ ಗವರ್ನರ್ ಅದೇ ಸಮಿತಿಗೆ ಕಾನೂನು ಸಲಹೆ ಕೊಡುತ್ತಿದ್ದ ಯುವಕನೊಬ್ಬನನ್ನು ಕೂರಿಸಿದ. ಪ್ರಮಾಣವಚನದ ದಿನ ಆ ಹುಡುಗ ಕೈಯೆತ್ತಿ, ತಾನು ಯಾರ ಹಂಗಿನಲ್ಲೂ ಇಲ್ಲ ಎಂದದ್ದನ್ನು ವರ್ನಾ ಟಿವಿಯಲ್ಲಿ ನೋಡಿದಳು. ಪಕ್ಕದಲ್ಲಿ ಗವರ್ನರ್ ನಗುತ್ತಾ ನಿಂತಿದ್ದ.

ಜನವರಿಯಲ್ಲಿ ಡ್ವೇನ್ ಪ್ರೂಯಿಟ್‌ನ ಹೊಸ ವಿಚಾರಣೆ ನಡೆಯಿತು. ತಪ್ಪೊಪ್ಪಿಗೆ ಇರಲಿಲ್ಲ. ಕಾರಿನಲ್ಲಿ ಕಾಯುತ್ತಿದ್ದ ಹೆಂಗಸು ಬಂದು ನೋಡಿದ್ದನ್ನು ಹೇಳಿದಳು, ಬಂದೂಕು ಮೇಜಿನ ಮೇಲೆ ಬಂತು. ಜ್ಯೂರಿಯವರು ಊಟದ ಹೊತ್ತಿಗೆ ಒಳಗೆ ಹೋಗಿ ಸಂಜೆಗೆ ಮೊದಲೇ ಹೊರಗೆ ಬಂದು ಅಪರಾಧಿ ಎಂದರು, ಅದೇ ಜೀವಾವಧಿ ಆಯಿತು. ಶೆರೀಫನ ಜನ ಮೊದಲೇ ಆ ಮನುಷ್ಯನಿಗೊಬ್ಬ ವಕೀಲನನ್ನು ಕರೆಸಿಬಿಟ್ಟಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲ. ವರ್ನಾ ಆಮೇಲೆ ಶೆರೀಫನಿಗೆ ಕಟಿಂಗ್ ಮಾಡುವಾಗ ಅದನ್ನು ಅವನ ಕಿವಿಯಲ್ಲೇ ಹೇಳಿದಳು. ಅವನು ಹೂಂಗುಟ್ಟಿದ.

ವಸಂತ ಬಂದಾಗ ಅಂಗಡಿಯ ಬಾಗಿಲು ತಳ್ಳಿಕೊಂಡು ಸ್ಟಾಲ್ಕಪ್ ಬಂದ. ಹೆಂಡತಿಯ ತವರಿನ ತೋಟದ ಮನೆಯಲ್ಲಿ ಇದ್ದೇವೆ, ಕೂದಲು ಬೆಳೆದಿದೆ, ಹತ್ತಿರದಲ್ಲಿ ಬೇರೆ ಅಂಗಡಿ ಇಲ್ಲ ಎಂದ. ಕಾದು ಕೂತಿದ್ದ ಇಬ್ಬರು ಗಂಡಸರು ಪತ್ರಿಕೆಯಲ್ಲಿ ಮುಖ ಮುಚ್ಚಿಕೊಂಡರು. ವರ್ನಾ ಬಟ್ಟೆ ಝಾಡಿಸಿ ಅವನ ಕೊರಳಿಗೆ ಕಟ್ಟಿದಳು.

“ಈಗಲಾದ್ರೂ ಮಾತಾಡಬಹುದಾ ಜಡ್ಜ್ ಸಾಹೇಬ್ರು?”

“ಇಲ್ಲ. ಆ ಪ್ರೂಯಿಟ್ ಮತ್ತೆ ಮೇಲಿನ ಕೋರ್ಟಿಗೆ ಹೋಗಿದಾನಂತೆ.”

“ನೀವೀಗ ಜಡ್ಜೇ ಅಲ್ಲ.”

“ಅಭ್ಯಾಸ,” ಎಂದ ಅವನು.

ವರ್ನಾಳಿಗೆ ಸಿಟ್ಟು ನೆತ್ತಿಗೇರಿತು. “ಅವತ್ತು ಪ್ಯಾನ್‌ಕೇಕ್ ಮುಂದೆ ಒಂದೇ ಒಂದು ಮಾತು ಹೇಳಿದ್ರೆ ಸಾಕಿತ್ತು. ನಾನು ನಿಮ್ ಕಡೆ ಇದ್ದೆ ಅಂತ. ಎಲ್ಲಾ ಬೇರೆ ಆಗ್ತಿತ್ತು. ನಾನೂ ಹೀಗೆ ಮಂಗ ಆಗ್ತಿರ್ಲಿಲ್ಲ.”

ಸ್ಟಾಲ್ಕಪ್ ಕನ್ನಡಿಯಲ್ಲಿ ಅವಳನ್ನು ನೋಡಿದ. “ನಾನು ನಿಮ್ ಕಡೆ ಇರ್ಲಿಲ್ಲಮ್ಮ. ಕಾನೂನು ಹಾಗಿದೆ ಅಂತ ನಂಗೆ ಕಾಣ್ತು, ಹಾಗೆ ಬರೆದೆ. ಬೇರೆ ಥರ ಕಂಡಿದ್ರೆ ಆ ಐವರ ಜೊತೆ ಇರ್ತಿದ್ದೆ. ನಿಮ್ ಕಡೆ ಅಂತ ಹೇಳಿ ವೋಟ್ ತಗೊಂಡಿದ್ರೆ ಅದು ಸುಳ್ಳಾಗ್ತಿತ್ತು.”

ನಲವತ್ತು ವರ್ಷದಲ್ಲಿ ಆ ಕುರ್ಚಿಯಲ್ಲಿ ಕೂತು ವರ್ನಾಳ ಬಾಯಿ ಮುಚ್ಚಿಸಿದವನು ಅವನೊಬ್ಬನೇ. ಅವನನ್ನು ಒಳ್ಳೆಯವನೆನ್ನಲೂ ಅವಳಿಗೆ ಮನಸ್ಸು ಬರಲಿಲ್ಲ. ತಣ್ಣಗಿನ ಮನುಷ್ಯ, ಅವಳ ದುಃಖದ ಗುಂಡಿಯನ್ನು ದಾಟಿ ಆಚೆ ಕೂತವನು. ಹಾಗಿದ್ದರೂ ಇಡೀ ಗದ್ದಲದಲ್ಲಿ ತನ್ನ ತಮ್ಮನನ್ನು ಯಾವುದಕ್ಕೂ ಬಳಸದೇ ಇದ್ದವನು ಇವನೇ ಎಂಬುದು ಅವಳಿಗೆ ಹೊಳೆಯಿತು. ಜೋಲೀನ್‌ಳನ್ನು ಬಿಟ್ಟರೆ.

ಕತ್ತಿನ ಹಿಂದಿನ ಕೂದಲನ್ನು ಕತ್ತಿಯಿಂದ ನೀಟಾಗಿ ಹೆರೆದು, ಬಟ್ಟೆ ಬಿಚ್ಚಿ, “ಮುಂದಿನ ತಿಂಗಳು ಬನ್ನಿ. ಬೇಗ ಬೆಳೆಯೋ ಕೂದಲು ನಿಮ್ದು,” ಎಂದಳು. ಆ ಭಾನುವಾರ ಜೋಲೀನ್‌ಳ ಮನೆಗೆ ಹೋಗಿ ಅವಳ ಇಬ್ಬರು ಗಂಡುಮಕ್ಕಳಿಗೆ ಅಡುಗೆಮನೆಯಲ್ಲೇ ಕೂದಲು ಕತ್ತರಿಸಿದಳು. ಕ್ಷಮಿಸು ಎನ್ನುವ ಮಾತು ಅವಳ ಬಾಯಿಗೆ ಒಗ್ಗಿದ್ದಲ್ಲ. ಜೋಲೀನ್ ಖಾರದ ಮಾಂಸದ ಸಾರು ಬಡಿಸಿ, ಪಕ್ಕಕ್ಕೆ ದಾಲ್ಚಿನ್ನಿ ಬನ್ನಿಟ್ಟಳು. “ಉಪ್ಪು ಕಮ್ಮಿ,” ಎಂದು ವರ್ನಾ ಎರಡು ಸಲ ಹಾಕಿಸಿಕೊಂಡಳು.

ಎರಡು ವರ್ಷ ಕಳೆದು ಮತ್ತೆ ಚುನಾವಣೆ ಬಂತು. ಈ ಸಲ ಅಂಗಡಿಗೆ ಬಂದದ್ದು ಎದುರು ಪಾಳಯದ ಸಮಿತಿ, ಜಡ್ಜುಗಳನ್ನು ಉಳಿಸಿ ಎನ್ನುವವರು. ಒಬ್ಬ ತೆಳ್ಳಗಿನ ಯುವಕ, ಕುತ್ತಿಗೆಗೆ ಉಣ್ಣೆಯ ಪಟ್ಟಿ.

“ನೀವು ಹೇಗೆ ಮೋಸ ಹೋದ್ರಿ ಅಂತ ಜನಕ್ಕೆ ಹೇಳ್ಬೇಕು ಮೇಡಂ,” ಎಂದ. “ನಿಮ್ಮ ತಮ್ಮನವರ ಫೋಟೋ ಹಿಂದೆ ಇರತ್ತೆ. ನೀವು ಸ್ವಲ್ಪ ಪಶ್ಚಾತ್ತಾಪ ಪಟ್ಟ ಹಾಗೆ...”

“ಕಿಟಕಿಯಾಚೆ ನೋಡ್ಬೇಕಾ?”

“ನೋಡಿದ್ರೆ ಚೆನ್ನಾಗಿರತ್ತೆ,” ಎಂದ ಯುವಕ ಉತ್ಸಾಹದಿಂದ.

ವರ್ನಾ ಬಾಗಿಲು ತೆರೆದು ಹಿಡಿದಳು. ಯುವಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವನು ಹೋದ ಮೇಲೆ ಕುರ್ಚಿಯಲ್ಲಿದ್ದವನಿಗೆ ಹೇಳಿದಳು, “ಆ ಹುಡುಗಿ ಬೂಟಾದ್ರೂ ಹಾಕ್ಕೊಂಡು ಬಂದಿದ್ಲು.”

ಮೆರ್ಲ್‌ನ ಟೈರಂಗಡಿಯನ್ನು ಜೋಲೀನ್ ಮಾರಿದಳು. ಈಗ ಅಲ್ಲಿ ಕಾರಿನಿಂದ ಇಳಿಯದೆ ಕಾಫಿ ಕೊಳ್ಳುವ ಗೂಡಂಗಡಿ ಇದೆ. ಡ್ವೇನ್ ಪ್ರೂಯಿಟ್‌ನ ಮೇಲ್ಮನವಿಯನ್ನು ಸುಪ್ರೀಂ ಕೋರ್ಟಿನ ಏಳೂ ಜನ ಒಕ್ಕೊರಲಿನಿಂದ ತಳ್ಳಿಹಾಕಿದರು, ಕೆಸ್ಲರ್ ಕೂಡ. ವರ್ನಾ ಎಪ್ಪತ್ತು ದಾಟಿದ್ದಾಳೆ. ಕೈ ನಡುಗುವುದಿಲ್ಲ. ತಿಂಗಳಿಗೊಮ್ಮೆ ಸ್ಟಾಲ್ಕಪ್ ಬಂದು ಕೂರುತ್ತಾನೆ. ಅವರಿಬ್ಬರೂ ಮಳೆಯ ಬಗ್ಗೆ ಮಾತಾಡುತ್ತಾರೆ.